ಅಮ್ಮ ಹತ್ತಿದ ಪ್ಯಾರಿಸ್ ಟವರ್

ನಾವು ಬಹ್ರೈನಿನ ಹೂರಾ ಬಡಾವಣೆಯ ಹಳೇ ಬಿಲ್ಡಿಂಗಿನಲ್ಲಿದ್ದ ಆ ವರ್ಷಗಳಲ್ಲಿ ನಮ್ಮಂಥ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಊರು, ಊರು ಎಂದರೆ ಮಂಗಳೂರು. ಜೂನ್ ಕೊನೆಗೆ ಮನೆಮನೆಯಲ್ಲೂ ರಟ್ಟಿನ ಪೆಟ್ಟಿಗೆಗಳು ಹೊರಬೀಳುತ್ತಿದ್ದವು. ಹಾಲಿನ ಪುಡಿ, ಖರ್ಜೂರ, ಸೋಪು ಎಲ್ಲದರ ವಾಸನೆ ಬೆರೆತು ಮನೆಯೇ ಒಂದು ಅಂಗಡಿಯಾಗುತ್ತಿತ್ತು. ನನಗೆ ಹತ್ತು ವರ್ಷವಾದಾಗ ಅಮ್ಮ ಈ ಪದ್ಧತಿ ಮುರಿದಳು.

“ವರ್ಷ ವರ್ಷ ಹೋಗಿ ನಿಮ್ಮ ನೆಂಟರಿಗೆಲ್ಲ ದೋಸೆ ಎರೆದು ಬಂದದ್ದು ಸಾಕು ಮಾರಾಯ್ರೆ. ಈ ಸಲ ಪ್ಯಾರಿಸ್!”

ಅಪ್ಪ ಒಪ್ಪಿದರು, ಬೇರೆ ದಾರಿ ಇರಲಿಲ್ಲ. ಸುದ್ದಿ ಊರಿಗೆ ಮುಟ್ಟಿ ಅಪ್ಪನ ಅಕ್ಕನ ಫೋನು ಬಂತು. “ಟವರ್ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ನಮ್ಮ ಮನೆ ಹಿಂದೆಯೇ ಒಂದು ಉಂಟಲ್ಲ, ಮೊಬೈಲಿಂದು!”

ಅಮ್ಮನ ಮುಖ ಕೆಂಪಾಯಿತು. “ನಾನು ಬರೀ ನೋಡ್ಲಿಕ್ಕೆ ಹೋಗೋದಲ್ಲ ಅತ್ತಿಗೆ, ಅದರ ಮೇಲೆ ಹತ್ತಿಯೇ ಬರೋದು,” ಎಂದು ಫೋನಿಟ್ಟಳು. ಅಲ್ಲಿಗೆ ಮಾತು ಕೊಟ್ಟಾಯಿತು. ಹತ್ತದೆ ವಾಪಸು ಬಂದರೆ ಅತ್ತೆ ಜನ್ಮವಿಡೀ ಆಡಿಕೊಳ್ಳುತ್ತಾರೆಂದು ನನಗೂ ಗೊತ್ತಿತ್ತು.

ಅಪ್ಪ ಕಾರ್ಗೋ ಕಂಪನಿಯಲ್ಲಿ ಅಕೌಂಟೆಂಟ್. ಲೆಕ್ಕ ಹಾಕದೆ ನೀರೂ ಕುಡಿಯದ ಮನುಷ್ಯ. ಗುರುವಾರ ಪ್ಯಾರಿಸ್ ತಲುಪಿದ ಕೂಡಲೇ ಘೋಷಿಸಿದರು: “ಶುಕ್ರ, ಶನಿ ಟವರ್ ಕಡೆ ಸುಳಿಯುವುದೇ ಬೇಡ. ರಜಾದಿನ, ಜನ ತುಂಬಿರ್ತಾರೆ. ಭಾನುವಾರ ಎಲ್ಲರಿಗೂ ಡ್ಯೂಟಿ, ನಾವು ಆರಾಮಾಗಿ ಹೋಗುವ.” ನಾನು, ಅಮ್ಮ ಇಬ್ಬರೂ ತಲೆಯಾಡಿಸಿದೆವು. ಬಹ್ರೈನಿನಲ್ಲಿ ನನ್ನ ಶಾಲೆಯ ವಾರವೂ ಭಾನುವಾರವೇ ಶುರುವಾಗುತ್ತಿದ್ದುದಲ್ಲವೇ?

ಎರಡು ದಿನ ಮ್ಯೂಸಿಯಂ ಸುತ್ತಿದೆವು, ದೋಣಿಯಲ್ಲಿ ಕೂತೆವು. ಬೇಕರಿಗಳ ಬೆಣ್ಣೆಯ ಘಮಕ್ಕೆ ಮೂಗು ಅರಳಿಸುತ್ತಾ, ಬಹ್ರೈನಿನಿಂದ ಕಟ್ಟಿ ತಂದ ಖುಬ್ಬೂಸ್ ರೊಟ್ಟಿಗೆ ಚಟ್ನಿಪುಡಿ ಸವರಿ ತಿಂದೆವು. ಟವರು ಮಾತ್ರ ಮನೆಗಳ ಹಿಂದಿನಿಂದ ಇಣುಕುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಅದರ ಬುಡಕ್ಕೆ ಹೋದರೆ, ಅಬ್ಬಬ್ಬಾ, ಕಾಲಿಡಲು ಜಾಗವಿಲ್ಲ! ಮಕ್ಕಳು, ಅಜ್ಜಂದಿರು, ನಾಯಿಗಳು, ಇಡೀ ಊರಿಗೆ ಊರೇ ಅಲ್ಲಿತ್ತು.

“ಇವರಿಗೆಲ್ಲ ಇವತ್ತು ಡ್ಯೂಟಿ ಇಲ್ವಾ?” ಎಂದರು ಅಪ್ಪ.

ಅಷ್ಟರಲ್ಲಿ ಎಲ್ಲೋ ಚರ್ಚಿನ ಗಂಟೆ ಬಾರಿಸಿತು. ಅಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾರಾಯ್ರೆ, ಭಾನುವಾರ ಇಲ್ಲಿ ರಜೆ! ಊರಲ್ಲೂ ರಜೆಯೇ ಅಲ್ವಾ! ಗಲ್ಫಿನ ಶುಕ್ರ-ಶನಿ ರಜೆ ರೂಢಿಯಾಗಿ ನಮ್ಮ ಮೂವರ ತಲೆಯೂ ಕೆಟ್ಟಿದೆ!”

ಲಿಫ್ಟಿನ ಸಾಲಿನ ತುದಿ ಕಾಣುತ್ತಿರಲಿಲ್ಲ. ಕಾವಲಿನವನನ್ನು ಕೇಳಿದರೆ ಮಧ್ಯಾಹ್ನ ದಾಟುತ್ತದೆ ಎಂದ. ಮಧ್ಯಾಹ್ನಕ್ಕೆ ನಾವು ವಾಪಸಿನ ವಿಮಾನಕ್ಕೆ ಏರ್‌ಪೋರ್ಟಿನಲ್ಲಿರಬೇಕು. ಅಪ್ಪನ ಮುಖ ಸಣ್ಣದಾಯಿತು. ನಾನು ಅಲ್ಲೇ ಗೋಳೋ ಎಂದು ಅಳಲು ಶುರುಮಾಡಿದೆ.

ಅಮ್ಮ ಮಾತ್ರ ಟವರಿನ ಇನ್ನೊಂದು ಕಾಲಿನ ಕಡೆ ನೋಡುತ್ತಿದ್ದಳು. ಅಲ್ಲಿ ಸಣ್ಣದೊಂದು ಸಾಲು, ಮೆಟ್ಟಿಲಿನದು.

“ಬೇಡ ಮಾರಾಯ್ತಿ, ನೂರಾರು ಮೆಟ್ಟಿಲು,” ಎಂದರು ಅಪ್ಪ.

“ಲಿಫ್ಟ್ ಕೆಟ್ಟಾಗೆಲ್ಲ ಹೂರಾದ ನಾಲ್ಕನೇ ಮಾಳಿಗೆಗೆ ಅಕ್ಕಿಚೀಲ ಹೊತ್ತದ್ದು ಯಾರು? ನೀವಾ?”

ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮೇಲೆ ಅಪ್ಪನ ಸ್ವೆಟರು, ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಮುಂದೆ ಅಮ್ಮ, ನಡುವೆ ನಾನು, ಹಿಂದೆ ಏದುಸಿರು ಬಿಡುವ ಅಪ್ಪ. ಕಬ್ಬಿಣದ ಮೆಟ್ಟಿಲು, ಸುತ್ತ ಬಲೆ, ಬಲೆಯಾಚೆ ಬರೀ ಗಾಳಿ. ಮೊದಲ ಅಂತಸ್ತು ದಾಟುತ್ತಿದ್ದಂತೆ ಕೆಳಗೆ ನೋಡಿದೆ. ಕಂಬಿ ಹಿಡಿದು ಕೂತುಬಿಟ್ಟೆ.

“ನಂಗೆ ಬೇಡಮ್ಮಾ! ಕೆಳಗೆ ಹೋಗುವ!”

ಅಮ್ಮ ಎರಡು ಮೆಟ್ಟಿಲು ಇಳಿದು ಬಂದು ನನ್ನ ಕಣ್ಣೊರೆಸಿದಳು. ಅವಳ ಕೈಯೂ ತಣ್ಣಗಿತ್ತು. “ನಂಗೂ ಹೆದರಿಕೆ ಉಂಟು ಪುಟ್ಟಿ. ಯಾರಿಗೂ ಹೇಳ್ಬೇಡ. ಕೆಳಗೆ ನೋಡ್ಬೇಡ, ಕಾಲೆತ್ತು.”

ಎತ್ತಿದೆ. ಎರಡನೇ ಅಂತಸ್ತಿಗೆ ಬಂದು ನಿಂತಾಗ ಪ್ಯಾರಿಸ್ಸು ಕಾಲಕೆಳಗೆ ಹಾಸಿಕೊಂಡಿತ್ತು. ಅಮ್ಮ ಎರಡೂ ಕೈ ಮೇಲೆತ್ತಿ “ಹೋ!” ಎಂದು ಕೂಗಿದಳು. ಗುರುತಿಲ್ಲದವರೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಕೂಡಲೇ ಊರಿಗೆ ಫೋನು ಹೋಯಿತು. “ಅತ್ತಿಗೇ, ಟವರಿನ ಮೇಲಿಂದಲೇ ಮಾತಾಡ್ತಿದ್ದೇನೆ! ಲಿಫ್ಟಲ್ಲಿ ಅಲ್ಲ, ನಡ್ಕೊಂಡೇ ಬಂದದ್ದು!” ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅಪ್ಪ ಉಸಿರಾಡಲಾಗದಷ್ಟು ನಗುತ್ತಿದ್ದರು. ಅಷ್ಟು ಖುಷಿಯನ್ನು ನಾನು ನಮ್ಮ ಮನೆಯಲ್ಲಿ ಮತ್ತೆ ಕಾಣಲಿಲ್ಲ.

ಈಗ ನಾನು ಬಹ್ರೈನಿನದೇ ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿದ್ದೇನೆ. ಅಪ್ಪ ಇಲ್ಲ. ಅಮ್ಮ ಮಂಗಳೂರಿನಲ್ಲಿ ಚಿಕ್ಕಮ್ಮನ ಜೊತೆಗಿದ್ದಾಳೆ, ಎರಡೂ ಮಂಡಿಗೆ ಆಪರೇಷನ್ ಆಗಿದೆ. ಕಳೆದ ಚಳಿಗಾಲ ಆಫೀಸಿನ ಕೆಲಸಕ್ಕೆ ಪ್ಯಾರಿಸ್ಸಿಗೆ ಹೋದಾಗ ಫೋನಿನಲ್ಲೇ ಟಿಕೆಟ್ ಮಾಡಿ, ಸಾಲೇ ಇಲ್ಲದೆ ಲಿಫ್ಟಿನಲ್ಲಿ ತುದಿಯವರೆಗೂ ಹೋದೆ. ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

“ಮೆಟ್ಟಿಲು ಹತ್ತಿಯಾ ಹೋದದ್ದು?” ಅವಳ ಮೊದಲ ಪ್ರಶ್ನೆ.

“ಅಲ್ಲಮ್ಮ, ಲಿಫ್ಟ್.”

“ಥೂ! ಮತ್ತೆ ಎಂತಕ್ಕೆ ಹೋದದ್ದು? ನನ್ನ ಕೈಲಂತೂ ಇನ್ನು ಆಗ್ಲಿಕ್ಕಿಲ್ಲ. ಇಳಿ, ನೀನಾದ್ರೂ ನಡ್ಕೊಂಡು ಹತ್ತು!”

ನಗುತ್ತಲೇ ಇಳಿದು ಟವರಿನ ಆ ಇನ್ನೊಂದು ಕಾಲಿನ ಹತ್ತಿರ ಹೋದೆ. ಮೆಟ್ಟಿಲಿನ ಬಾಗಿಲನ್ನು ಆ ದಿನದ ಮಟ್ಟಿಗೆ ಮುಚ್ಚಿದ್ದರು. ಸರಪಳಿಯ ಈಚೆ ಸುಮಾರು ಹೊತ್ತು ನಿಂತಿದ್ದೆ. ಹತ್ತುವ ಕಾಲು ನನಗಿತ್ತು, ಹತ್ತಿಸುವವಳು ಮಂಗಳೂರಿನಲ್ಲಿದ್ದಳು.