ಮಲಗಿದವರಿಗೆ ಮಾತ್ರ ಕಾಣುವ ಮಾರ್ಕು

ಮನುಷ್ಯನು ಅಂಗಾತ ಮಲಗಿದಾಗ ಅವನ ದೃಷ್ಟಿಗೆ ಬೀಳತಕ್ಕದ್ದು ಮಾಡಿನ ಹಂಚಿನ ಒಳಮೈ ಮಾತ್ರ ಎಂಬ ಅಂಶವನ್ನು ವಾಚಕ ಮಹಾಶಯರ ಅವಗಾಹನೆಗೆ ತರಲು ಈ ಮೂಲಕ ಅಪ್ಪಣೆ ಬೇಡುತ್ತೇನೆ. ಅಂಶವು ಕ್ಷುಲ್ಲಕವೆಂದು ಬಲ್ಲೆ. ರಜೆಯ ಅರ್ಜಿ ಮತ್ತು ಬಣ್ಣದ ಸೀಮೆಸುಣ್ಣದ ಬೇಡಿಕೆಪತ್ರ, ಇವೆರಡರ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನನಗೆ ತಮ್ಮೊಡನೆ ಸಲಿಗೆಯಿಂದ ಮಾತಾಡುವಷ್ಟು ಧೈರ್ಯ ಸಾಲದು. ಆದಕಾರಣ ಅರ್ಜಿಯ ಒಕ್ಕಣೆಯನ್ನೇ ಊರುಗೋಲಾಗಿ ಹಿಡಿದು ಹೊರಟಿದ್ದೇನೆ, ಮನ್ನಿಸಬೇಕು.

ಹಂಚಿನ ಒಳಮೈಯಲ್ಲಿ ಅದನ್ನು ತಯಾರಿಸಿದ ಕಾರ್ಖಾನೆಯ ಚಿಹ್ನೆಯೊಂದು ಉಬ್ಬಿಕೊಂಡಿರುತ್ತದೆ. ಓದು ಬಲ್ಲವರೂ ಬಾರದವರೂ ಅದನ್ನು ‘ಮಾರ್ಕು’ ಎನ್ನುತ್ತಾರೆ, ಮಾರ್ಕು ನೋಡಿಯೇ ಹಂಚು ಕೊಳ್ಳುತ್ತಾರೆ. ಐವತ್ತರ ದಶಕದ ಕೊನೆಯಲ್ಲಿ ಅಂಥದೊಂದನ್ನು ರಚಿಸಿಕೊಡುವ ಯೋಗ ನನಗೊದಗಿತು. ಆಗ ನಾನು ಮೂಡಬಿದಿರೆಯ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ಟರನಾಗಿದ್ದೆ. ಈ ಹುದ್ದೆಯ ವೈಶಿಷ್ಟ್ಯವೇನೆಂದರೆ, ಒಂದು ಪಿರಿಯಡ್ಡಿನಲ್ಲಿ ಸೃಷ್ಟಿಸಿದ್ದನ್ನು ಮುಂದಿನ ಪಿರಿಯಡ್ಡಿನ ಗಣಿತದವರು ಡಸ್ಟರಿನಿಂದ ಲಯಗೊಳಿಸುತ್ತಾರೆ. ನನ್ನ ಹತ್ತು ವರ್ಷಗಳ ನವಿಲು, ನೈದಿಲೆ, ನಂದಿಗಳೆಲ್ಲ ಪುಡಿಯಾಗಿ ಅವರ ಕೋಟಿನ ತೋಳಿನ ಮೇಲೆ ಕುಳಿತಿದ್ದವು. ಹೀಗಿರುತ್ತಾ, ಪಾಣೆಮಂಗಳೂರಿನಲ್ಲಿ ಹೊಸದಾಗಿ ಹಂಚಿನ ಕಾರ್ಖಾನೆ ತೆರೆಯಲಿದ್ದ ಶೆಟ್ಟರು ಮಾರ್ಕಿಗಾಗಿ ಹೇಳಿಕಳುಹಿಸಿದಾಗ ನನಗೆ ಹೊಳೆದದ್ದು ಒಂದೇ: ಸುಟ್ಟ ಮಣ್ಣನ್ನು ಯಾವ ಡಸ್ಟರೂ ಒರೆಸಲಾರದು. ನನ್ನದೊಂದು ಗೆರೆ ಈ ಭೂಮಿಯ ಮೇಲೆ ಉಳಿಯುವುದಾದರೆ ಇದೇ ಮೊದಲ ಸಂದರ್ಭ, ಬಹುಶಃ ಇದೇ ಕೊನೆಯದು.

ಆಸೆಯ ಭರದಲ್ಲಿ ಕಮಲ, ಕಮಲದ ಮೇಲೆ ಜೋಡಿ ಹಂಸ, ಹಿಂದೆ ಸೂರ್ಯೋದಯ ಇವಿಷ್ಟನ್ನು ಅಂಗೈಯಗಲದಲ್ಲಿ ಬಿಡಿಸಿ ಸವಿನಯ ಸಲ್ಲಿಸಿದೆ. ಶೆಟ್ಟರು ಸಜ್ಜನರು.

“ಚಂದ ಉಂಟು ಮಾಸ್ಟ್ರೇ. ಇದಕ್ಕೆ ನಮ್ಮ ಸಂಕವನ್ನೂ ಸೇರಿಸುವ” ಎಂದರು.

ನೇತ್ರಾವತಿಯ ಸೇತುವೆಯನ್ನು ವಿಧೇಯನಾಗಿ ಸೇರಿಸಿದೆ. ಮುಂದಿನ ವಾರ ಕಾರ್ಖಾನೆಯ ಹೊಗೆಕೊಳವೆ ಸೇರಿತು. ಕೊನೆಗೆ ಅಚ್ಚು ಕೆತ್ತುವ ತೋಡಾರಿನ ಮಿಸ್ತ್ರಿ ಅದನ್ನು ಹಸಿಮಣ್ಣಿಗೆ ಒತ್ತಿ ಎತ್ತಿದಾಗ ಸೂರ್ಯನು ಹಪ್ಪಳವಾಗಿದ್ದನು, ಹಂಸಗಳೆರಡು ಗೆಣಸಾಗಿದ್ದವು.

“ಮಣ್ಣಿಗೆ ಇಷ್ಟೆಲ್ಲ ನೆನಪಿರುವುದಿಲ್ಲ ಮಾರಾಯ್ರೆ” ಎಂದು ಮಿಸ್ತ್ರಿ ಸಮಾಧಾನ ಹೇಳಿದ. ಚಿತ್ರಕಲೆಯ ಕುರಿತು ಇದಕ್ಕಿಂತ ಗಹನವಾದ ವಾಕ್ಯವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

ಆಮೇಲೆ ತಲೆಯೆತ್ತಿ ನಿಂತ ಜಿಂಕೆಯೊಂದನ್ನು ಬರೆದೆ. ಮಿಸ್ತ್ರಿ ಒಪ್ಪಿದ, ಶೆಟ್ಟರೂ ಒಪ್ಪಿದರು. ಆದರೆ ಅಂತಿಮ ಮಂಜೂರಾತಿಯ ಅಧಿಕಾರವು ಶೆಟ್ಟರ ತಾಯಿಯವರದ್ದೆಂದು ಆಗ ತಿಳಿದುಬಂತು. ಆ ಹಿರಿಯರು ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಎರಡು ತಿಂಗಳಿಂದ ಮಂಚ ಹಿಡಿದಿದ್ದರು. ಅವರ ಕೋಣೆಯ ಮಾಡಿನ ಎರಡೂ ಇಳಿಜಾರುಗಳಿಗೆ ಜಿಂಕೆಯ ಹಂಚುಗಳನ್ನು, ಇನ್ನೂ ಸುಡದಿದ್ದರೂ ಬೇಸಗೆಯಾದ್ದರಿಂದ ಧೈರ್ಯವಾಗಿ, ಹೊದಿಸಲಾಯಿತು. ಮೂರು ದಿನ ಕಳೆದು ನಾನು ಹೋದಾಗ ಅವರು ತುಳುವಿನಲ್ಲಿ ನುಡಿದದ್ದರ ಕನ್ನಡ ಸಾರ ಹೀಗಿದೆ:

“ಕಾಲಿನ ಕಡೆಯ ಮಾಡಿನಲ್ಲಿ ನಿಮ್ಮ ಜಿಂಕೆ ನಿಂತುಂಟು ಮಾಸ್ಟ್ರೇ. ತಲೆಯ ಕಡೆಯದ್ದರಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಸತ್ತುಬಿದ್ದುಂಟು. ನಾನು ದಿನವಿಡೀ ಯಾವುದನ್ನು ನೋಡಬೇಕು?”

ಶೆಟ್ಟರು ಸಂಕೋಚದಿಂದ ನಕ್ಕರು. “ಅಮ್ಮಾ, ಮಾರ್ಕು ನೋಡಲಿಕ್ಕೆ ಅಂತ ಯಾರಾದರೂ ಮಲಗ್ತಾರಾ?”

“ಮಲಗಿದವರಿಗೆ ಬೇರೇನುಂಟು ಮಗಾ?”

ನಾನು ಅಪ್ಪಣೆ ಪಡೆದು, ಕೋಟು ಸಮೇತ, ಮಂಚದ ಪಕ್ಕದ ನೆಲದ ಮೇಲೆ ಅಂಗಾತ ಮಲಗಿದೆ. ಹೌದು. ಎರಡೂ ಇಳಿಜಾರಿನ ಹಂಚುಗಳು ತಲೆಯನ್ನು ಮಾಡಿನ ನಡುನೆತ್ತಿಯ ಕಡೆಗೇ ಮಾಡಿರುತ್ತವೆಯಾದ್ದರಿಂದ ಒಂದು ಕಡೆ ನಿಂತದ್ದು ಇನ್ನೊಂದು ಕಡೆ ಮಗುಚಲೇಬೇಕು. ಹುಟ್ಟಿದಂದಿನಿಂದ ಹಂಚಿನ ಕೆಳಗೆ ಮಲಗಿ ಎದ್ದವನಿಗೆ ಇದು ಗೊತ್ತಿರಲಿಲ್ಲ! ಆ ನೆಲದ ಮೇಲೆಯೇ ಇನ್ನೊಂದು ಸಂಗತಿಯೂ ಹೊಳೆಯಿತು. ನಾನು ಅಂಗಡಿಯ ಗಿರಾಕಿಗಾಗಿ ಬರೆದಿದ್ದೆ. ಅದನ್ನು ನೋಡುವವರೋ ಜ್ವರದವರು, ಬಾಣಂತಿಯರು, ನಿದ್ದೆ ಬಾರದವರು, ಇನ್ನು ಏಳಲಾರದವರು. ಒಬ್ಬ ಜೀವಿ ಈ ಲೋಕದಲ್ಲಿ ಕಟ್ಟಕಡೆಗೆ ಕಾಣುವ ಚಿತ್ರವು ನನ್ನದಾಗಬಹುದು. ಹತ್ತು ವರ್ಷ ಕರಿಹಲಗೆಯ ಮುಂದೆ ನಿಂತರೂ ಇಂಥ ಪ್ರೇಕ್ಷಕವರ್ಗವನ್ನು ನಾನು ಊಹಿಸಿರಲಿಲ್ಲ.

ಹೊರಗೆ ಬಂದ ಮೇಲೆ ಶೆಟ್ಟರು ಮೆಲ್ಲಗೆ, “ತಿಂಗಳ ಕೊನೆಗೆ ಅಚ್ಚು ಎರಕಕ್ಕೆ ಹೋಗಬೇಕು ಮಾಸ್ಟ್ರೇ. ಅಷ್ಟರೊಳಗೆ ಆಗದಿದ್ದರೆ ಮಂಗಳೂರಿನ ಆರ್ಟಿಸ್ಟರಿಗೇ ಕೊಡುವ, ಬೇಸರ ಮಾಡಬೇಡಿ” ಎಂದರು. ನಾನು ಬೇಸರಿಸದವನಂತೆ ನಟಿಸಿ, ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಹೊಳೆಯ ದಡಕ್ಕೆ ಹೋಗಿ ಕುಳಿತೆ.

ಆವೆಮಣ್ಣು ಹೇರಿದ ದೋಣಿಯೊಂದು ಬರುತ್ತಿತ್ತು. ಅದರ ಹಿಂತುದಿಯಲ್ಲಿ ಅಂಬಿಗ ನಿಂತಿದ್ದ. ನೀರು ನಿಶ್ಚಲವಾಗಿತ್ತು. ದೋಣಿಯ ಅಡಿಯಲ್ಲಿ ಇನ್ನೊಂದು ದೋಣಿ, ಅಂಬಿಗನ ಅಡಿಯಲ್ಲಿ ಇನ್ನೊಬ್ಬ ಅಂಬಿಗ. ಬಸ್ಸಿನ ಟಿಕೇಟಿನ ಹಿಂಬದಿಯಲ್ಲಿ ಬರೆದುಕೊಂಡೆ: ನೀರಿಗೊಂದು ಅಡ್ಡಗೆರೆ, ದೋಣಿಗೊಂದು ಬಾಗು, ನೆರಳಿಗೊಂದು ಬಾಗು, ಅಂಬಿಗರಿಬ್ಬರಿಗೆ ಎರಡು ಕಡ್ಡಿ. ಒಟ್ಟು ಐದು ಗೆರೆ. ಟಿಕೇಟನ್ನು ತಲೆಕೆಳಗು ಮಾಡಿದೆ. ನೆರಳು ದೋಣಿಯಾಯಿತು, ದೋಣಿ ನೆರಳಾಯಿತು, ಯಾವುದೂ ಮುಳುಗಲಿಲ್ಲ.

“ಇಷ್ಟೇನಾ ಮಾಸ್ಟ್ರೇ? ಸಂಕ ಎಲ್ಲಿ?” ಎಂದರು ಶೆಟ್ಟರು. ಮಿಸ್ತ್ರಿ ಮಾತ್ರ ಗೆರೆಗಳ ಮೇಲೆ ಬೆರಳಾಡಿಸಿ, “ಇದು ಮಣ್ಣಿಗೆ ನೆನಪಿರ್ತದೆ” ಎಂದ.

ಜಿಂಕೆಗಳು ಇಳಿದವು, ದೋಣಿಗಳು ಏರಿದವು. ಅಮ್ಮ ಬಹಳ ಹೊತ್ತು ಕಾಲಿನ ಕಡೆ ನೋಡಿದರು. ಆಮೇಲೆ ಕಣ್ಣನ್ನಷ್ಟೇ ಮೇಲಕ್ಕೆ ಹೊರಳಿಸಿ ತಲೆಯ ಕಡೆ ನೋಡಿದರು. ನಾವು ಮೂವರು ಗಂಡಸರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ, ಗೋಡೆಗೊರಗಿ ನಿಂತಿದ್ದೆವು.

“ಈಚೆಯದ್ದು ಹೋಗ್ತಾ ಉಂಟು” ಎಂದರು. ಬಳಿಕ, “ಆಚೆಯದ್ದು ಬರ್ತಾ ಉಂಟು.”

ಮಗುಚಿದಾಗ ಅಂಬಿಗನು ಎಡದಿಂದ ಬಲಕ್ಕೆ ಬರುವುದರಿಂದ ದೋಣಿಯ ದಿಕ್ಕೂ ಬದಲಾಗುತ್ತದೆ. ಅದನ್ನು ರಚಿಸಿದ ನಾನು ಗಮನಿಸಿರಲಿಲ್ಲ. ಶೆಟ್ಟರು ಮತ್ತೆ ಸಂಕದ ಮಾತೆತ್ತಲಿಲ್ಲ.

ಕಳೆದ ವರ್ಷ ಪರೀಕ್ಷೆಯ ಮೇಲ್ವಿಚಾರಣೆಗೆಂದು ಬೆಳ್ತಂಗಡಿಗೆ ಹೋದಾಗ ಜ್ವರ ಬಂದು, ಪರಿಚಯವಿಲ್ಲದವರ ಮನೆಯಲ್ಲಿ ಮಲಗಬೇಕಾಯಿತು. ಕಣ್ಣು ಬಿಟ್ಟರೆ ನೂರಾರು ದೋಣಿಗಳು, ಹೊಗೆಯಿಂದ ಕಪ್ಪಾಗಿ, ಒಂದೂ ಅಳಿಯದೆ. ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದ ಮನೆಯೊಡತಿ ನನ್ನ ನೋಟವನ್ನು ಗಮನಿಸಿ, “ನಮ್ಮ ಮಗಳು ಬಾಣಂತನಕ್ಕೆ ಬಂದಾಗ ಇಲ್ಲಿಯೇ ಮಲಗಿದ್ದು. ಈ ದೋಣಿಗಳೆಲ್ಲ ಯಾವ ಊರಿಗೆ ಹೋಗ್ತವೆ ಅಮ್ಮಾ ಅಂತ ಕೇಳ್ತಿದ್ದಳು” ಎಂದರು. ಬರೆದವನು ನಾನೆಂದು ಹೇಳಲು ನಾಲಿಗೆಯ ತುದಿಯವರೆಗೆ ಬಂತು. ಆದರೆ ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ಸುಮ್ಮನೆ ಮಲಗಿ ನೋಡಿದೆ.

ಅಂಗಾತ ಮಲಗಿದವನಿಗೆ ಕಾಣತಕ್ಕದ್ದು ಹಂಚಿನ ಒಳಮೈ ಮಾತ್ರ ಎಂದು ಆರಂಭದಲ್ಲಿ ನಿವೇದಿಸಿದ್ದೆನಷ್ಟೆ. ಅದರಲ್ಲಿನ ‘ಮಾತ್ರ’ ಎಂಬ ಪದವನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ.