ನಾಲ್ಕನೇ ಡಬ್ಬಿಯ ಬೂದಿ

ಹೇರೋಹಳ್ಳಿಯ ಅಕ್ಕಯ್ಯಮ್ಮನನ್ನು ಕೊನೆಗಾಲದಲ್ಲಿ ಜನ ಏನೆಂದು ಕರೆದರೋ ಅದನ್ನು ನಾನು ಬರೆಯುವುದಿಲ್ಲ. ಸುತ್ತಿನ ನಾಲ್ಕೈದು ಊರುಗಳಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದ ಸೂಲಗಿತ್ತಿ ಆಕೆ. ನಾನು ಒಪ್ಪಿಕೊಳ್ಳಬೇಕಾಗಿದ್ದ ಒಂದು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ನನಗೆ ಎಪ್ಪತ್ತು ದಾಟಿದೆ. ಇನ್ನೂ ಬಾಯಿ ಮುಚ್ಚಿಕೊಂಡರೆ ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ನಾನು ಬಸವರಾಜೇಶ್ವರಿ. 1957ರಲ್ಲಿ ಕೆಂಗೇರಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದೆ. ವಯಸ್ಸು ಇಪ್ಪತ್ತಮೂರು. ಬಿಳಿ ಸೀರೆ, ಒಂದು ಸೈಕಲ್ಲು, ಮೈತುಂಬ ಸೊಕ್ಕು. ಪ್ರತಿ ಗುರುವಾರ ಮಧ್ಯಾಹ್ನ ನಮ್ಮಲ್ಲಿ ಹಳ್ಳಿಯ ಸೂಲಗಿತ್ತಿಯರಿಗೆ ಆರೋಗ್ಯದ ಉಪನ್ಯಾಸ. ಪೇಟೆಯ ಒಂದು ಸಂಶೋಧನಾಲಯದಿಂದ ಡಾಕ್ಟರ್ ಪುರುಷೋತ್ತಮ ಬರುತ್ತಿದ್ದರು. ಕಿಟಕಿಗಳಿಗೆ ಕಂಬಳಿ ಕಟ್ಟಿ, ದೀಪದ ಪೆಟ್ಟಿಗೆಯಿಂದ ಗಾಜಿನ ಚಿತ್ರಗಳನ್ನು ಸುಣ್ಣದ ಗೋಡೆಯ ಮೇಲೆ ಬಿಟ್ಟು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮನೆಯಲ್ಲಿ ಕನ್ನಡವೇ ಆಡುವ ಮನುಷ್ಯ, ಆದರೆ ರೋಗದ ವಿಷಯ ಮಾತ್ರ ಕನ್ನಡದಲ್ಲಿ ಬಾಯಿಗೆ ಬರುತ್ತಿರಲಿಲ್ಲವಂತೆ! ಅದನ್ನು ಕನ್ನಡ ಮಾಡಿ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಹನ್ನೆರಡು ಮಂದಿ ಹೆಂಗಸರು ಚಾಪೆಯ ಮೇಲೆ ಕೂರುತ್ತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕಯ್ಯಮ್ಮ, ದವಡೆಯಲ್ಲಿ ಎಲೆಅಡಿಕೆ. ಮೊದಲ ದಿನವೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಒಂದಾದ್ರೂ ಹೆತ್ತಿದ್ದೀಯೇನೆ ನರ್ಸಮ್ಮ?” ಎಂದಳು.

“ಹೆರದೇ ಇದ್ರೂ ಓದಿದ್ದೀನಿ ಅಜ್ಜಿ.”

“ಓದ್ಕೊಂಡು ಹೆರಿಗೆ ಮಾಡ್ಸಕ್ ಬಂದವ್ಳೆ ನೋಡ್ರೇ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ನಾನು ತಪ್ಪು ಮಾಡಿದ್ದು. ಅಂದು ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿದರು. ಹೊಕ್ಕುಳ ಬಳ್ಳಿ ಕೊಯ್ಯುವ ಕತ್ತರಿಯನ್ನೂ ಕಟ್ಟುವ ದಾರವನ್ನೂ ಕುದಿಸಬೇಕು, ಕುದಿಸಿದರೆ ಕ್ರಿಮಿ ಸಾಯುತ್ತದೆ, ಕೊಯ್ದ ಮೇಲೆ ಗಾಯಕ್ಕೆ ಏನನ್ನೂ ಹಚ್ಚಬಾರದು, ಹಾಗೇ ಒಣಗಲು ಬಿಡಬೇಕು ಎಂದರು. ಬೆಳಗಿನಿಂದ ನಾನು ಊಟ ಮಾಡಿರಲಿಲ್ಲ. ಈ ಮುದುಕಿಯರಿಗೆ ಅಷ್ಟೆಲ್ಲ ಯಾಕೆ ಎಂದುಕೊಂಡು, “ಕತ್ತರಿ ಕುದಿಸಿ. ಬೆಂಕಿ ಕಂಡದ್ದರಲ್ಲಿ ಕ್ರಿಮಿ ಇರಲ್ಲ. ಅಷ್ಟೇ,” ಎಂದು ಮುಗಿಸಿದೆ. ಏನನ್ನೂ ಹಚ್ಚಬಾರದು ಎನ್ನುವ ಮಾತನ್ನು ನುಂಗಿಬಿಟ್ಟೆ.

ನಮ್ಮ ಕಡೆ ಹೊಕ್ಕುಳಿಗೆ ಬೆರಣಿಯ ಬೂದಿ ಹಚ್ಚುವುದು ರೂಢಿ. ಗಾಯ ಬೇಗ ಒಣಗುತ್ತದೆ ಎಂದು ನಂಬಿಕೆ. ಅಕ್ಕಯ್ಯಮ್ಮ ನನ್ನ ಮಾತನ್ನು ತಲೆಯಲ್ಲಿ ಇಟ್ಟುಕೊಂಡಳು. ಅಂದಿನಿಂದ ಕುಡುಗೋಲು ಬಿಟ್ಟಳು, ನಾವು ಕೊಟ್ಟ ಕತ್ತರಿಯನ್ನು ಕುದಿಸಿಯೇ ಕೊಯ್ದಳು. ಬೂದಿಯನ್ನು ಮಾತ್ರ ಬಿಡಲಿಲ್ಲ. ಬೆಂಕಿಯಲ್ಲೇ ಹುಟ್ಟಿದ್ದಕ್ಕಿಂತ ಶುದ್ಧವಾದದ್ದು ಇನ್ನೇನಿದೆ ಎಂದು ಎರಡು ಚಿಟಿಕೆ ಜಾಸ್ತಿಯೇ ಹಾಕತೊಡಗಿದಳು.

ಎರಡನೇ ಗುರುವಾರ ಡಾಕ್ಟರು, ಹೊಕ್ಕುಳಿಗೆ ಹಚ್ಚುವುದನ್ನು ಎಲ್ಲರೂ ಒಂದೊಂದು ಡಬ್ಬಿಯಲ್ಲಿ ತಂದುಕೊಡಿ, ಪರೀಕ್ಷೆ ಮಾಡಬೇಕು ಎಂದರು. ಮರುದಿನವೇ ಎಲ್ಲರೂ ತಂದರು. ನಾನು ಡಬ್ಬಿಗಳಿಗೆ ಅಂಕಿ ಅಂಟಿಸಿ ಹೆಸರಿನ ಪಟ್ಟಿ ಬರೆದೆ. ಅಕ್ಕಯ್ಯಮ್ಮನದು ನಾಲ್ಕನೆಯದು.

ಅದು ಮುಗಿದು ಎರಡು ವಾರಕ್ಕೆ ಬಂದ ಗುರುವಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗೋಡೆಯ ಮೇಲೆ ತಮಟೆಯ ಕೋಲಿನ ಆಕಾರದ ಕ್ರಿಮಿಗಳು ಮೂಡಿದವು. “ಇದು ನಾಲ್ಕನೇ ಡಬ್ಬಿಯಲ್ಲಿ ಸಿಕ್ಕಿದ್ದು,” ಎಂದರು ಡಾಕ್ಟರು. ಅದನ್ನು ಇಲಿಗೆ ಚುಚ್ಚಿದ್ದರಂತೆ. ಇಲಿ ಸೆಟೆದುಕೊಂಡು ಸತ್ತಿತು. ಇದು ಹೊಕ್ಕುಳಿನಿಂದ ಒಳಗೆ ಹೋದರೆ ಮಗುವಿನ ದವಡೆ ಕಚ್ಚಿಕೊಳ್ಳುತ್ತದೆ, ಮೊಲೆ ಹಿಡಿಯುವುದಿಲ್ಲ, ಆಮೇಲೆ ಮೈ ಹಿಂದಕ್ಕೆ ಬಾಗುತ್ತದೆ ಎಂದರು. ಈ ಸಲ ನಾನು ಒಂದು ಮಾತೂ ಬಿಡದೆ ಹೇಳಿದೆ.

ಹೆಂಗಸರಲ್ಲಿ ಗುಸುಗುಸು ಎದ್ದಿತು. “ಬಾಲಗ್ರಹ ಕಣ್ರೇ. ಬಾಲಗ್ರಹವೇ ಇದು.”

ಅಕ್ಕಯ್ಯಮ್ಮ ನಿಧಾನವಾಗಿ ಎದ್ದು ನಿಂತಳು. “ಎಷ್ಟನೇ ದಿನಕ್ಕೆ ಬತ್ತದೆ, ಕೇಳು.”

ಕೇಳಿದೆ. ಹೆಚ್ಚಾಗಿ ಏಳನೆಯ ದಿನ, ಎಂಟನೆಯ ದಿನ ಎಂದರು.

“ನಾಕನೇ ಡಬ್ಬಿ ಯಾರ್ದು?”

ಪಟ್ಟಿ ನನ್ನ ಕೈಯಲ್ಲೇ ಇತ್ತು. “ನಿಮ್ದು, ಅಜ್ಜಿ.”

“ಬೆಂಕೀಲಿ ಬೆಂದದ್ದಲ್ವೇನೆ ಅದು? ಬೆಂಕಿ ಕಂಡದ್ರಲ್ಲಿ ಕ್ರಿಮಿ ಇರಲ್ಲ ಅಂದ್ಯಲ್ಲ ನೀನು?”

ಆಕೆ ಏನು ಕೇಳುತ್ತಿದ್ದಾಳೆ ಎಂದರು ಡಾಕ್ಟರು. “ಬೂದಿ ಸುಟ್ಟದ್ದಲ್ಲವೇ ಅಂತ,” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಉಳಿದರ್ಧವನ್ನು ಮತ್ತೆ ನುಂಗಿದೆ. ಎರಡನೇ ಸಲ! ಸುಟ್ಟಾಗ ಕ್ರಿಮಿ ಸತ್ತಿರಬಹುದು, ಆಮೇಲೆ ಎಲ್ಲಿ ಇಡುತ್ತೀರಿ ಎಂದು ಅವರು ಕೇಳಿದರು. ಕೊಟ್ಟಿಗೆಯ ಗೂಡಿನಲ್ಲಿ, ತೆಂಗಿನ ಚಿಪ್ಪಿನಲ್ಲಿ ಎಂದಳು ಅಕ್ಕಯ್ಯಮ್ಮ. ದನದ ಗೊರಸಿನ ಧೂಳಿನಲ್ಲೇ ಈ ಕ್ರಿಮಿ ಇರುವುದು ಎಂದರು.

ಅಕ್ಕಯ್ಯಮ್ಮನ ಮುಖ ಕಪ್ಪಿಟ್ಟಿತು. “ಮರಿಯಪ್ಪನ ಸೊಸೆಗೆ ಶನಿವಾರ ಹೆರಿಗೆ ಮಾಡ್ಸಿದೀನಿ. ಇವತ್ತಿಗೆ ಆರು ದಿನ. ಅವ್ಳ ಮೊದ್ಲಿನ ಎರಡು ಕೂಸೂ ಎಂಟನೇ ದಿನಕ್ಕೇ ಹೋದ್ವು.”

ಸೆಟೆತ ಶುರುವಾಗುವ ಮೊದಲು ಧನುರ್ವಾಯುವಿನ ವಿಷ ಮುರಿಯುವ ಸೀರಮ್ ಚುಚ್ಚಿದರೆ ಮಗು ಉಳಿಯಬಹುದು, ಶುರುವಾದ ಮೇಲೆ ಭರವಸೆ ಇಲ್ಲ ಎಂದರು ಡಾಕ್ಟರು. ತಾವೇ ಹೊರಡಲು ಎದ್ದರು. ಅಕ್ಕಯ್ಯಮ್ಮ ಕೈ ಅಡ್ಡ ಮಾಡಿದಳು. ಹನ್ನೊಂದು ದಿನದ ಪುರುಡು ಕಳೆಯುವವರೆಗೆ ಬಾಣಂತಿಯ ಕೋಣೆಗೆ ಹೊರಗಿನ ಗಂಡಸರು ಹೋಗುವಂತಿಲ್ಲ, ತಾಯಿ ಮಗು ಹೊಸ್ತಿಲು ದಾಟುವಂತಿಲ್ಲ. ಹೋದರೆ ಸೂಲಗಿತ್ತಿಯೇ ಹೋಗಬೇಕು. ಡಾಕ್ಟರು ಮದ್ದಿನ ಅಳತೆ ಬರೆದುಕೊಟ್ಟು, ಫ್ಲಾಸ್ಕಿನಲ್ಲಿ ಐಸ್ ತುಂಬಿ, ಸೀರಮಿನ ಬುಡ್ಡಿ ಇಟ್ಟು ನನ್ನನ್ನು ಕಳಿಸಿದರು.

ಸೈಕಲ್ಲಿನ ಕ್ಯಾರಿಯರಿನ ಮೇಲೆ ಅರವತ್ತು ವರ್ಷದ ಅಕ್ಕಯ್ಯಮ್ಮ, ಆಕೆಯ ಮಡಿಲಲ್ಲಿ ಫ್ಲಾಸ್ಕು. ಗಾಡಿಯ ಜಾಡಿನಲ್ಲಿ ನಾಲ್ಕು ಮೈಲಿಗೂ ಮೇಲೆ. ಬೇರೆ ದಿನವಾಗಿದ್ದರೆ ಊರೂರೇ ನಗುತ್ತಿತ್ತು. ಉಲ್ಲಾಳದಲ್ಲಿ ಒಂದು ಹೆಂಚಿನ ಮನೆ ದಾಟುವಾಗ ಬೆನ್ನ ಹಿಂದಿನಿಂದ ದನಿ ಬಂತು. “ಈ ಮನೇದು ಒಂದು.” ಇನ್ನೊಂದಿಷ್ಟು ಮುಂದೆ, “ಆ ಹುಣಸೆಮರದ ಮನೇದು ಎರಡು.” ಊರು ದಾಟುವವರೆಗೂ ಸೆಟೆದು ಸತ್ತ ಕೂಸುಗಳನ್ನು ಎಣಿಸುತ್ತಲೇ ಹೋದಳು. “ಅಜ್ಜಿ, ಸಾಕು ಬಿಡಿ,” ಎಂದು ಕಿರುಚಿದೆ. ಅಳುತ್ತಲೇ ಪೆಡಲು ತುಳಿದೆ.

ಮರಿಯಪ್ಪ ಹೇರೋಹಳ್ಳಿಯ ದೊಡ್ಡ ಕುಳ, ಐವತ್ತೈದರ ಆಸುಪಾಸಿನ ಆಳು. ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಮಗು ಹೇಗಿದೆ ಎಂದೆ.

“ಬೆಳಗ್ಗೆ ಚೆನ್ನಾಗಿ ಹಾಲು ಕುಡೀತಂತೆ. ಯಾಕೆ?”

“ಒಂದು ಸೂಜಿ ಹಾಕ್ಬೇಕು ಗೌಡ್ರೆ. ಈಗ್ಲೇ ಹಾಕ್ಬೇಕು.”

“ಆರು ದಿನದ ಕೂಸಿಗೆ ಸೂಜಿಯಾ? ತಲೆ ಸರಿ ಐತಾ ನರ್ಸಮ್ಮ ನಿಮ್ಗೆ? ಪುರುಡು ಕಳೀಲಿ, ಆಮೇಲೆ ನೋಡೋಣ.”

“ಅಷ್ಟು ದಿನ ಕಾಯೋ ಹಾಗಿಲ್ಲ. ಮೊದಲಿನ ಎರಡು ಕೂಸು ಹೋದ ಹಾಗೆ ಇದೂ—”

“ಅವು ಹೋಗಿದ್ದು ನನ್ ಸೊಸೆ ಕಾಲ್ಗುಣದಿಂದ,” ಎಂದು ಹಗ್ಗ ಬಿಸಾಡಿ ಎದ್ದ. “ಎರಡನ್ನೂ ಎಂಟನೇ ದಿನಕ್ಕೆ ತಿಂದ್ಕೊಂಡವ್ಳೆ. ಇದೂ ಹೋದ್ರೆ ನನ್ ಮಗನಿಗೆ ಬೇರೆ ಹೆಣ್ಣು ನೋಡಿದೀನಿ. ಮಾತೂ ಆಗೈತೆ.”

ಒಳಗೆ ಬಾಣಂತಿ ಮುನಿತಾಯಮ್ಮನಿಗೆ ಇಷ್ಟೂ ಕೇಳುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಆಗ ಅಕ್ಕಯ್ಯಮ್ಮ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನಡುವೆ ಹೋಗಿ ನಿಂತಳು.

“ಮರಿಯಪ್ಪ, ಅವ್ಳ ಕಾಲ್ಗುಣ ಅಲ್ಲ ಕಣಪ್ಪ. ನನ್ ಕೈ. ನಾನು ಹಾಕಿದ ಬೂದೀಲಿ ವಿಷ ಇತ್ತು. ಎರಡು ಕೂಸೂ ನನ್ ಕೈಯಿಂದ್ಲೇ ಹೋದ್ವು. ಇದಕ್ಕೂ ಹಾಕ್ಬುಟ್ಟಿದೀನಿ.”

ಮರಿಯಪ್ಪ ಕೈ ಎತ್ತಿದ. ಆಕೆ ಅಲುಗಲಿಲ್ಲ. ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ನಾನು ಬಾಯಿ ತೆರೆದೆ, ಇದಕ್ಕೆ ನಾನೂ ಕಾರಣ ಎನ್ನಲು. ಅಕ್ಕಯ್ಯಮ್ಮ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಹೊಸ್ತಿಲ ಮೇಲೆ ಮುನಿತಾಯಮ್ಮ ಬಂದು ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗೆ ಅವುಚಿಕೊಂಡು. “ಒಳಕ್ಕೋಗು!” ಎಂದು ಮಾವ ಗದರಿದ. ಮೂರು ವರ್ಷ ಆ ಮನೆಯಲ್ಲಿ ತಲೆ ಎತ್ತದೆ ಬದುಕಿದ ಹುಡುಗಿ ಅವಳು. ಪುರುಡಿನ ಆರನೇ ದಿನ ಹೊಸ್ತಿಲು ದಾಟಿ, ಮಾವನ ಮುಂದೆಯೇ ನಡೆದುಬಂದು, ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

“ಹಾಕಿ ನರ್ಸಮ್ಮ. ಏನಾದ್ರೂ ನನಗಿರ್ಲಿ.”

ಮೊದಲು ಚರ್ಮದಡಿಗೆ ಒಂದು ಹನಿ ಕೊಟ್ಟು ಅರ್ಧ ಗಂಟೆ ಕಾಯಬೇಕಿತ್ತು, ಮದ್ದು ಒಗ್ಗುತ್ತದೋ ಇಲ್ಲವೋ ನೋಡಲು. ಆಮೇಲೆ ಹೊಕ್ಕುಳು ತೊಳೆದು ಪೂರ್ತಿ ಚುಚ್ಚಿದೆ. ಮರಿಯಪ್ಪ ಅಕ್ಕಯ್ಯಮ್ಮನಿಗೆ, “ಇನ್ನು ನನ್ ಮನೆ ಕಡೆ ತಲೆ ಹಾಕ್ಬೇಡ,” ಎಂದ. ಆಕೆ ಹೊರಟುಹೋದಳು.

ಎರಡು ವಾರ ದಿನವೂ ಸೈಕಲ್ಲು ತುಳಿದೆ. ಎಂಟನೇ ದಿನ ಹೋದಾಗ ಮುನಿತಾಯಮ್ಮ ಬಿಳಿಚಿಕೊಂಡು ಕೂತಿದ್ದಳು. “ಮೊಲೆ ಹಿಡೀತಿಲ್ಲ ನರ್ಸಮ್ಮ.” ಕಿರುಬೆರಳನ್ನು ಮಗುವಿನ ಬಾಯಿಗಿಟ್ಟೆ. ದವಡೆ ಸಡಿಲವಾಗಿತ್ತು, ಬೆರಳನ್ನು ಚೀಪಿತು. ಬರೀ ಮೂಗು ಕಟ್ಟಿತ್ತು, ಅಷ್ಟೇ! ಮೂಗು ಒರೆಸಿದ್ದೇ ತಡ, ಗಟಗಟ ಕುಡಿಯಿತು. ನಾವಿಬ್ಬರೂ ಕೂತು ಅತ್ತೆವು. ಮಗು ಉಳಿಯಿತು, ಬೇರೆ ಹೆಣ್ಣಿನ ಮಾತೂ ಅಲ್ಲಿಗೇ ನಿಂತಿತು.

ಅಕ್ಕಯ್ಯಮ್ಮನನ್ನು ಆಮೇಲೆ ಯಾವ ಮನೆಯವರೂ ಹೆರಿಗೆಗೆ ಕರೆಯಲಿಲ್ಲ. ಕೂಸು ಕಳೆದುಕೊಂಡವರು ಎದುರಿಗೆ ಸಿಕ್ಕರೆ ಬೈದು ಹೋಗುತ್ತಿದ್ದರು. ಒಂದು ದಿನ ಆಕೆಯ ಜಗಲಿಯಲ್ಲಿ ಕೂತು ಕೇಳಿದೆ. “ಮೊದಲು ಹೋದ ಕೂಸುಗಳಿಗೆ ನಾನು ಕಾರಣ ಅಲ್ಲ ಅಂತಾನೇ ಇಟ್ಕೊಳ್ಳಿ. ಮುನಿತಾಯಮ್ಮನ ಈ ಕೂಸಿಗೆ ಬೂದಿ ಬಿದ್ದಿದ್ದಕ್ಕೆ ನನ್ನ ಮಾತೇ ಕಾರಣ. ಯಾಕೆ ಹೇಳ್ಲಿಲ್ಲ ಅಜ್ಜಿ?”

ಆಕೆ ಎಲೆಗೆ ಸುಣ್ಣ ಸವರುತ್ತಿದ್ದಳು. “ನನ್ನಂತೂ ಇನ್ನು ಯಾರೂ ಒಳಕ್ಕೆ ಬಿಟ್ಕೊಳ್ಳಲ್ಲ. ನಿನ್ನೂ ಬಿಟ್ಕೊಳ್ಳದೆ ಹೋದ್ರೆ ಈ ಊರ ಹೆಣ್ಮಕ್ಕಳ ಗತಿ ಏನೇ? ಬಾಯ್ಮುಚ್ಕೊಂಡು ಕೆಲ್ಸ ಮಾಡು.”

ಬಾಯಿ ಮುಚ್ಚಿಕೊಂಡೇ ಮಾಡಿದೆ. ಆ ಸುತ್ತಿನಲ್ಲಿ ಯಾವ ಮನೆಯೂ ನನಗೆ ಬಾಗಿಲು ಹಾಕಲಿಲ್ಲ. ಹೇರೋಹಳ್ಳಿಯಲ್ಲಿ ಹೆರಿಗೆ ಎಂದರೆ ಅಕ್ಕಯ್ಯಮ್ಮನಿಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು. ಅಂಗಳಕ್ಕೆ ಬರದೆ, ಬೀದಿಯಾಚೆಯ ಹೊಂಗೆಮರದ ಕೆಳಗೆ ಬಂದು ಕೂರುತ್ತಿದ್ದಳು. ಕೂಸು ಅತ್ತ ದನಿ ಕೇಳಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ನಾನು ಕೈ ತೊಳೆದು ಹೊರಗೆ ಬರುವವರೆಗೆ ಕಾಯುತ್ತಿದ್ದಳು.

“ಕತ್ರಿ ಕುದಿಸಿದ್ಯಾ?”

“ಕುದಿಸ್ದೆ ಅಜ್ಜಿ.”

“ದಾರ?”

“ಕುದಿಸ್ದೆ.”

“ಆಮೇಲೆ ಹೊಕ್ಕುಳಿಗೆ ಏನ್ ಹಾಕ್ದೆ?”

“ಏನೂ ಹಾಕಿಲ್ಲ.”

ಅದನ್ನು ಕೇಳಿದ ಮೇಲೆ ಆಕೆ ಮಂಡಿಗೆ ಕೈ ಊರಿ ಎದ್ದು ಮನೆಗೆ ಹೋಗುತ್ತಿದ್ದಳು.