ಚಿಕ್ಕವ್ವನ ಚೊಂಬಿಗೆ ಬಳಿದ ಮಸಿ

ಬಡತನದ ಸಿನಿಮಾ ಅಂದರೆ ನೋಡಿದವರ ಕರುಳು ಚುರುಕ್ ಅನ್ನಬೇಕು, ಮನಸ್ಸು ಬದಲಾಗಬೇಕು ಅಂತ ನಾನೂ ಒಂದು ಕಾಲದಲ್ಲಿ ದೊಡ್ಡದಾಗಿ ಭಾಷಣ ಬಿಗಿಯುತ್ತಿದ್ದೆ. ಆಗ ಒಂದು ಕಿರುಚಿತ್ರಕ್ಕೆ ಸಹಾಯಕನಾಗಿದ್ದೆ. ನಿರ್ದೇಶಕರು ನಿಜವಾದ ಬಡವರ ಮನೆ ಬೇಕು ಅಂದಾಗ ಹಿಂದೆಮುಂದೆ ನೋಡದೆ ದೇವಲಾಪುರದ ಹತ್ತಿರದ ನಮ್ಮ ಚಿಕ್ಕವ್ವನ ಮನೆ ತೋರಿಸಿದೆ. ಚಿಕ್ಕಪ್ಪ ತೀರಿಹೋಗಿದ್ದರು. ಚಿಕ್ಕವ್ವ ಎರಡು ಹಸು ಸಾಕಿಕೊಂಡು, ಬೆಳಗಿನ ಬಸ್ಸಿಗೆ ನಾಗಮಂಗಲಕ್ಕೆ ಹೋಗಿ ನಾಲ್ಕು ಮನೆಗೆ ದಿನಾ ತಪ್ಪದೆ ವರ್ತನೆ ಹಾಲು ಹಾಕುತ್ತಿದ್ದಳು. ಅದೇ ಅವಳ ಜೀವನ.

ಕ್ಯಾಮೆರಾದವರು ಬರುತ್ತಾರೆ ಅಂತ ಮೊದಲೇ ಹೇಳಿದ್ದು ನನ್ನ ತಪ್ಪು. ನಮ್ಮ ಕಡೆ ಮನೆಗೆ ನಾಲ್ಕು ಜನ ಬರುತ್ತಾರೆ ಅಂದರೆ ಸುಮ್ಮನೆ ಕೂರುತ್ತಾರಾ? ನಾವು ಹೋಗುವ ಹೊತ್ತಿಗೆ ಗೋಡೆಗೆ ಸುಣ್ಣ ಆಗಿತ್ತು, ನೆಲ ಸಾರಿಸಿ ರಂಗೋಲಿ ಬಿಟ್ಟಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬುಗಳು ಹಲಗೆ ಮೇಲೆ ಸಾಲಾಗಿದ್ದವು. ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ನಿರ್ದೇಶಕರು ಮುಖ ಸಿಂಡರಿಸಿ, "ಇದು ನಿಜ ಅನ್ನಿಸಲ್ಲ" ಅಂದರು. ನಿಜವೇ ಎದುರಿಗೆ ನಿಂತಿತ್ತು. ಆದರೂ ಒಲೆಯಿಂದ ಮಸಿ ತೆಗೆದು ಚೊಂಬಿಗೆ, ಹಾಲಿನ ಕ್ಯಾನಿಗೆ, ಗೋಡೆಗೆ ನಾನೇ ಬಳಿದೆ.

"ಯಾಕ್ಲಾ ಮಗ, ತೊಳ್ದಿರೋದ್ನ ಗಲೀಜು ಮಾಡ್ತಿದೀಯ?"

"ಸಿನಿಮಾಕ್ಕೆ ಅಂಗೆ ಬೇಕಂತೆ ಚಿಕ್ಕವ್ವ."

"ಏನೋಪ್ಪ, ನೀನು ಓದಿರೋನು" ಅಂದು ಹಳೇ ಸೀರೆ ಉಟ್ಟುಕೊಂಡು ಬಂದಳು.

ನಾಗಮಂಗಲದಲ್ಲಿ ಸಿನಿಮಾ ತೋರಿಸಿದ ದಿನ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಉಬ್ಬಿಹೋದೆ.

ಮರುವಾರವೇ ವರ್ತನೆ ಮನೆಯವರಲ್ಲಿ ಮೂವರು ಇನ್ನು ಹಾಲು ಬೇಡ ಅಂದುಬಿಟ್ಟರು. ಅವರ್ಯಾರೂ ಅವಳ ಮನೆ ಕಂಡವರಲ್ಲ, ಸಿನಿಮಾದಲ್ಲೇ ಮೊದಲು ನೋಡಿದ್ದು. ನಾನು ಓಡಿಹೋಗಿ ಒಬ್ಬರ ಬಾಗಿಲಲ್ಲಿ ನಿಂತು, "ಆ ಮಸಿ ನಾನೇ ಬಳಿದಿದ್ದು ಅಮ್ಮ" ಅಂತ ಬೇಡಿಕೊಂಡೆ. ಆಯಮ್ಮ ಒರಟಾಗೇನೂ ಮಾತಾಡಲಿಲ್ಲ. "ನಿಜವಾದ ಮನೇಲೇ ತೆಗ್ದಿದ್ದು ಅಂತ ಸಿನಿಮಾ ತೋರ್ಸಿದ ದಿನ ನೀವೇ ಹೇಳಿದ್ರಲ್ಲಪ್ಪ" ಅಂದರು. ಪಾಪ ಅನ್ನಿಸಿತು ಅಂತ ಚಿಕ್ಕವ್ವನಿಗೆ ಕೊಡೋಕೆ ಎರಡು ಹಳೇ ಸೀರೆಯನ್ನೂ ನನ್ನ ಕೈಗಿಟ್ಟರು.

ಮನಸ್ಸು ಬದಲಾಯಿಸಬೇಕು ಅಂತಿದ್ದೆನಲ್ಲ, ಬದಲಾಯಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೀರೆ ಕೊಡುವ ಧೈರ್ಯ ಬರಲಿಲ್ಲ. ಬರಿಗೈಯಲ್ಲಿ ಹೋಗಿ ನಡೆದದ್ದನ್ನು ಹೇಳಿದೆ. ಚಿಕ್ಕವ್ವ ಹಸುವಿಗೆ ಹುಲ್ಲು ಹಾಕುತ್ತಾ, ನನ್ನ ಕಡೆ ತಿರುಗದೆ ಹೇಳಿದಳು:

"ನಾನು ಬಡವಿ ಅಂತ ಎಲ್ರುಗೂ ಗೊತ್ತಿತ್ತು ಕಣ್ಲಾ. ಕೊಳಕಿ ಅಂತ ಯಾರೂ ಅಂದಿರ್ಲಿಲ್ಲ."